ಮನೆಯ ನಿವೇಶನದಲ್ಲಿ ಮಳೆನೀರಿನ ವಿಲೇವಾರಿ: ಜೋಗೇಶ್ವರಿಯ ನಿದರ್ಶನ

ಮುಂಬಯಿಯ ಪಶ್ಚಿಮ ಉಪನಗರಗಳಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ನಾಲ್ಕು ತಿಂಗಳ ಅವಧಿಯಲ್ಲಿ ಸರಾಸರಿ ಸುಮಾರು 2,300 ಮಿ.ಮೀ. ಮಳೆ ಸುರಿಯುತ್ತದೆ. ಈ ಮಳೆ ಸಮನಾಗಿ ಹಂಚಿಕೊಂಡು ಬೀಳುವುದಿಲ್ಲ. ಇಡೀ ಋತುವಿನ ಮಳೆಯ ದೊಡ್ಡ ಪಾಲು ಕೆಲವೇ ದಿನಗಳಲ್ಲಿ, ಆ ದಿನಗಳಲ್ಲಿಯೂ ಕೆಲವೇ ಗಂಟೆಗಳಲ್ಲಿ ಬಿದ್ದು ಹೋಗುತ್ತದೆ. ಅಂತಹ ಗಂಟೆಗಳಲ್ಲಿ ನೆಲಅಂತಸ್ತಿನ ಮನೆಗಳಿಗೆ ನೀರು ನುಗ್ಗುವುದು, ನೆಲದಡಿಯ ಕುಡಿಯುವ ನೀರಿನ ತೊಟ್ಟಿ ಕಲುಷಿತಗೊಳ್ಳುವುದು, ಕಾಂಪೌಂಡ್ ಗೋಡೆ ಉರುಳುವುದು ಮುಂತಾದ ಅನಾಹುತಗಳು ಸಂಭವಿಸುತ್ತವೆ. ರಸ್ತೆಯ ಚರಂಡಿ, ನಾಲಾ ಮತ್ತು ನದಿಗಳ ಹೊಣೆ ಮಹಾನಗರಪಾಲಿಕೆಯದು. ಆದರೆ ಗೇಟಿನ ಒಳಗೆ ಬಿದ್ದ ನೀರು ರಸ್ತೆಯ ಚರಂಡಿಯನ್ನು ಸೇರುವವರೆಗಿನ ಹಾದಿಯ ಹೊಣೆ ನಿವೇಶನದ ಒಡೆಯರದು ಅಥವಾ ಗೃಹನಿರ್ಮಾಣ ಸಹಕಾರಿ ಸಂಘದ್ದು. ಈ ಎರಡನೆಯ ಹಾದಿಯ ಬಗ್ಗೆ ಜನರಲ್ಲಿ ತಿಳಿವಳಿಕೆ ಕಡಿಮೆ. ಪ್ರಸ್ತುತ ಲೇಖನ ಅದನ್ನೇ ಕುರಿತದ್ದು.

ನಿದರ್ಶನಕ್ಕಾಗಿ ಜೋಗೇಶ್ವರಿಯನ್ನು ಆರಿಸಿಕೊಳ್ಳಲು ಕಾರಣವಿದೆ. ಗುಡ್ಡದ ಇಳುಕಲು, ಸಮತಟ್ಟಾದ ತಗ್ಗು ನೆಲ, ಕಡಲಿನ ಉಬ್ಬರ ಈ ಮೂರೂ ಸಮಸ್ಯೆಗಳು ಇಲ್ಲಿ ಕೆಲವೇ ಕಿಲೋಮೀಟರುಗಳ ಅಂತರದಲ್ಲಿ ಒಟ್ಟಿಗೆ ಕಾಣಸಿಗುತ್ತವೆ.

ನೆಲದ ಸ್ವರೂಪ

ಜೋಗೇಶ್ವರಿಯ ಪೂರ್ವ ಭಾಗ ಎತ್ತರದ ನೆಲ. ಆರೆ ಕಾಲೊನಿಯ ಗುಡ್ಡಗಳಿಂದ ಇಳಿದು ಬರುವ ಬಂಡೆಯ ಇಳುಕಲಿನ ಮೇಲೆ ಅನೇಕ ವಸತಿಗಳು ನಿಂತಿವೆ. ಸುಮಾರು ಆರನೆಯ ಶತಮಾನದ್ದೆಂದು ವಿದ್ವಾಂಸರು ನಿರ್ಣಯಿಸಿರುವ ಜೋಗೇಶ್ವರಿಯ ಗುಹಾದೇವಾಲಯ ಇರುವುದೂ ಈ ಭಾಗದಲ್ಲಿಯೇ. ನೆಲಮಟ್ಟದಿಂದ ಮೆಟ್ಟಿಲಿಳಿದು ಒಳಗೆ ಹೋಗಬೇಕಾದ ಈ ಗುಹೆಯ ಸುತ್ತಲೂ ಮೇಲ್ಭಾಗದಲ್ಲಿಯೂ ಈಗ ಮನೆಗಳು ಎದ್ದಿವೆ. ಮಳೆಗಾಲದಲ್ಲಿ ಗುಹೆಯೊಳಗೆ ನೀರು ಒಸರಿ ನಿಲ್ಲುತ್ತದೆ. ಮೇಲಿನ ನೆಲದ ಬಳಕೆ ಬದಲಾದರೆ ಕೆಳಗಿನ ನೆಲದ ನೀರಿನ ಸ್ಥಿತಿಯೂ ಬದಲಾಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಬೇಕಿಲ್ಲ.

ರೈಲು ಹಳಿಯನ್ನು ದಾಟಿ ಪಶ್ಚಿಮಕ್ಕೆ ಬಂದರೆ ನೆಲ ಚಪ್ಪಟೆಯಾಗುತ್ತದೆ. ಓಶಿವಾರಾ ನದಿಯು ಆರೆಯ ಗುಡ್ಡಗಳಲ್ಲಿ ಹುಟ್ಟಿ, ಗೋರೆಗಾಂವ್ ಮತ್ತು ಜೋಗೇಶ್ವರಿಗಳ ನಡುವೆ ಹರಿದು, ಮಲಾಡ್ ಖಾಡಿಯನ್ನು ಸೇರುತ್ತದೆ. ದಕ್ಷಿಣದಲ್ಲಿ ಅಂಧೇರಿಯ ಕಡೆಗೆ ಮೋಗ್ರಾ ನಾಲಾ ಇದೆ. ಅಂಧೇರಿ ಸಬ್‌ವೇಯಲ್ಲಿ ನೀರು ನಿಂತು ಸಂಚಾರ ಸ್ಥಗಿತಗೊಳ್ಳುವ ಸುದ್ದಿ ಪ್ರತಿ ಮಳೆಗಾಲದಲ್ಲಿ ಬರುವುದಕ್ಕೂ ಈ ನಾಲಾಕ್ಕೂ ನೇರ ಸಂಬಂಧವಿದೆ. ಇವೆರಡೂ ಕಡಲನ್ನೇ ನಂಬಿದ ಹಾದಿಗಳು. ಖಾಡಿಯಲ್ಲಿ ಉಬ್ಬರ ಏರಿದಾಗ ನಾಲಾದ ನೀರು ಹೊರಹೋಗಲಾರದೆ ಹಿಮ್ಮೆಟ್ಟುತ್ತದೆ. ಮುಂಬಯಿಯ ಮಳೆನೀರಿನ ಚರಂಡಿಗಳ ಬಾಯಿಗಳಲ್ಲಿ ಬಹುಪಾಲು ಉಬ್ಬರದ ಮಟ್ಟಕ್ಕಿಂತ ಕೆಳಗಿರುವುದರಿಂದ, ಮಳೆಯ ರಭಸವೂ ಉಬ್ಬರವೂ ಒಟ್ಟಿಗೆ ಕೂಡಿದ ದಿನ ನಗರ ಕಷ್ಟಕ್ಕೆ ಸಿಲುಕುತ್ತದೆ.

26 ಜುಲೈ 2005 ಅಂತಹ ದಿನವಾಗಿತ್ತು. ಸಾಂತಾಕ್ರೂಜ್ ಹವಾಮಾನ ಕೇಂದ್ರದಲ್ಲಿ 24 ಗಂಟೆಗಳಲ್ಲಿ 944 ಮಿ.ಮೀ. ಮಳೆ ದಾಖಲಾಯಿತು. ಅದೇ ನಗರದ ದಕ್ಷಿಣ ತುದಿಯ ಕೊಲಾಬಾದಲ್ಲಿ ಅಂದು ಬಿದ್ದದ್ದು ಸುಮಾರು 74 ಮಿ.ಮೀ. ಮಾತ್ರ. ಮಳೆ ಅತಿ ಬಿರುಸಾಗಿದ್ದ ಮಧ್ಯಾಹ್ನದ ಹೊತ್ತಿನಲ್ಲಿಯೇ ಸುಮಾರು ನಾಲ್ಕೂವರೆ ಮೀಟರಿನ ಉಬ್ಬರವೂ ಬಂದಿತು. ಸಾಕಿನಾಕಾದಲ್ಲಿ ಗುಡ್ಡ ಕುಸಿದು ಹಲವು ಹತ್ತು ಮಂದಿ ಮಡಿದರು. ಮಹಾರಾಷ್ಟ್ರ ಸರ್ಕಾರವು ಮಾಧವ ಚಿತಳೆ ಅವರ ಅಧ್ಯಕ್ಷತೆಯಲ್ಲಿ ನೇಮಿಸಿದ ಸತ್ಯಶೋಧನ ಸಮಿತಿ 2006ರಲ್ಲಿ ವರದಿ ಸಲ್ಲಿಸಿತು.

ಸಾರ್ವಜನಿಕ ಚರಂಡಿಯ ಸಾಮರ್ಥ್ಯ

ತಮ್ಮ ಅಂಗಳದ ನೀರನ್ನು ರಸ್ತೆಯ ಚರಂಡಿಗೆ ಬಿಟ್ಟರೆ ಕೆಲಸ ಮುಗಿಯಿತು ಎಂದು ಭಾವಿಸುವವರು ಒಂದು ಸಂಗತಿಯನ್ನು ಗಮನಿಸಬೇಕು. ನಗರದ ಹಳೆಯ ಚರಂಡಿಗಳನ್ನು ರೂಪಿಸಿದ್ದು ಇಳಿತದ ವೇಳೆಯಲ್ಲಿ ಗಂಟೆಗೆ 25 ಮಿ.ಮೀ. ಮಳೆಯನ್ನು ಸಾಗಿಸುವುದಕ್ಕಾಗಿ. ಅದರಲ್ಲಿಯೂ ಬಿದ್ದ ನೀರಿನ ಅರ್ಧ ಭಾಗ ನೆಲದಲ್ಲಿ ಇಂಗುತ್ತದೆ ಎಂಬ ಎಣಿಕೆಯಿತ್ತು. ಆ ಕಾಲದಲ್ಲಿ ತೋಟ, ಗದ್ದೆ, ತೆರೆದ ನೆಲ ಹೇರಳವಾಗಿದ್ದುದರಿಂದ ಈ ಎಣಿಕೆ ತಪ್ಪಾಗಿರಲಿಲ್ಲ. ಕಾಂಕ್ರೀಟು ಹರಡಿದ ಮೇಲೆ ಅದು ಹುಸಿಯಾಯಿತು. 1985ರ ನೆರೆಯ ಅನಂತರ ಕೈಗೊಂಡ ಅಧ್ಯಯನದ ಫಲವಾಗಿ 1993ರಲ್ಲಿ ಸಿದ್ಧವಾದ ‘ಬ್ರಿಮ್‌ಸ್ಟೊವಾಡ್’ ವರದಿಯು ಗಂಟೆಗೆ 50 ಮಿ.ಮೀ. ಮಳೆಯನ್ನು, ಅದರಲ್ಲಿ ಒಂದು ಹನಿಯೂ ಇಂಗುವುದಿಲ್ಲವೆಂದು ಭಾವಿಸಿ, ಸಾಗಿಸಬಲ್ಲ ವ್ಯವಸ್ಥೆಯನ್ನು ಶಿಫಾರಸು ಮಾಡಿತು. ಅಂದರೆ ಸಾಮರ್ಥ್ಯವನ್ನು ನಾಲ್ಕು ಪಟ್ಟು ಹೆಚ್ಚಿಸಬೇಕೆಂದು ಅರ್ಥ. ವರದಿ ಬಹುಕಾಲ ಕಡತದಲ್ಲಿಯೇ ಉಳಿದು, 2005ರ ಅನಂತರ ವೇಗ ಪಡೆಯಿತು. 2007ರಲ್ಲಿ ಕೇಂದ್ರ ಸರ್ಕಾರ ಇದಕ್ಕಾಗಿ ಸುಮಾರು 1,200 ಕೋಟಿ ರೂಪಾಯಿಗಳ ನೆರವನ್ನು ಮಂಜೂರು ಮಾಡಿತು. ಹಾಜಿ ಅಲಿ, ಇರ್ಲಾ ಮೊದಲಾದೆಡೆ ನೀರೆತ್ತುವ ಕೇಂದ್ರಗಳು ಬಂದವು. ಮೋಗ್ರಾ ನಾಲಾಕ್ಕೂ ಒಂದು ಕೇಂದ್ರ ಈ ಯೋಜನೆಯ ಪಟ್ಟಿಯಲ್ಲಿದೆ.

ಇದೆಲ್ಲ ಪೂರ್ಣವಾದರೂ ಗಂಟೆಗೆ 50 ಮಿ.ಮೀ. ಎಂಬುದೇ ಮೇರೆ. ಅದನ್ನು ಮೀರಿದ ಮಳೆ ಪ್ರತಿ ವರ್ಷವೂ ಕೆಲವು ಸಲ ಬರುತ್ತದೆ. ಆದುದರಿಂದ ಹೊರಗಿನ ಚರಂಡಿ ತುಂಬಿ ನಿಂತಿರುವ ಎರಡು ಮೂರು ಗಂಟೆಗಳ ಕಾಲ ತಮ್ಮ ನಿವೇಶನ ತನ್ನ ನೀರನ್ನು ತಾನೇ ಹೇಗೆ ತಾಳಿಕೊಳ್ಳಬಲ್ಲದು ಎಂದು ಪ್ರತಿಯೊಂದು ಸಂಘವೂ ಯೋಚಿಸಿರಬೇಕು.

ನೀರಿನ ಲೆಕ್ಕ

ಮಳೆನೀರಿನ ಲೆಕ್ಕ ಅತ್ಯಂತ ಸುಲಭ. ಒಂದು ಚದರ ಮೀಟರ್ ಜಾಗದ ಮೇಲೆ 1 ಮಿ.ಮೀ. ಮಳೆ ಬಿದ್ದರೆ 1 ಲೀಟರ್ ನೀರು. 100 ಚದರ ಮೀಟರ್ ತಾರಸಿಯ ಮೇಲೆ ಗಂಟೆಗೆ 50 ಮಿ.ಮೀ.ನಂತೆ ಸುರಿದರೆ ಗಂಟೆಗೆ 5,000 ಲೀಟರ್. 1,000 ಚದರ ಮೀಟರಿನ ಸಾಧಾರಣ ಸೊಸೈಟಿಯ ನಿವೇಶನದ ಮೇಲೆ 2005ರ ಆ ಒಂದು ದಿನ ಬಿದ್ದ ನೀರು 9 ಲಕ್ಷ 44 ಸಾವಿರ ಲೀಟರ್. ಹತ್ತು ಸಾವಿರ ಲೀಟರಿನ 94 ಟ್ಯಾಂಕರುಗಳು ಬಂದು ಅಂಗಳದಲ್ಲಿ ನೀರು ಸುರಿದು ಹೋದಂತೆ!

ಈ ಲೆಕ್ಕದಿಂದ ಇನ್ನೊಂದು ಉಪಯುಕ್ತ ಅಂಶ ಹೊರಡುತ್ತದೆ. ಉಬ್ಬರದ ಕಾರಣದಿಂದ ಹೊರದಾರಿ ಎರಡು ಗಂಟೆ ಮುಚ್ಚಿದ್ದು, ಆ ಅವಧಿಯಲ್ಲಿ ಗಂಟೆಗೆ 50 ಮಿ.ಮೀ. ಮಳೆ ಬಿದ್ದರೆ, ನಿವೇಶನದ ತುಂಬ 10 ಸೆಂ.ಮೀ. ನೀರು ನಿಲ್ಲುತ್ತದೆ. ಕಟ್ಟಡ ನಿಂತ ಜಾಗವನ್ನು ಕಳೆದರೆ ಅಂಗಳದಲ್ಲಿ ನಿಲ್ಲುವ ನೀರು ಇನ್ನೂ ಆಳ. ಅರ್ಧ ನಿವೇಶನದಲ್ಲಿ ಕಟ್ಟಡವಿದ್ದರೆ 20 ಸೆಂ.ಮೀ. ಹೊರಗಿನಿಂದ ಒಂದು ಹನಿಯೂ ಬಾರದಿದ್ದಾಗಿನ ಲೆಕ್ಕವಿದು. ನೀರಿನ ಪಂಪು, ವಿದ್ಯುತ್ ಮೀಟರ್ ಪೆಟ್ಟಿಗೆ, ನೆಲದಡಿ ತೊಟ್ಟಿಯ ಬಾಯಿ ಇವುಗಳನ್ನು ಎಷ್ಟು ಎತ್ತರದಲ್ಲಿ ಇಡಬೇಕೆಂಬ ಪ್ರಶ್ನೆಗೆ ಉತ್ತರ ಇಲ್ಲಿಂದಲೇ ಆರಂಭವಾಗುತ್ತದೆ. ಹಿಂದಿನ ನೆರೆಯ ಗುರುತು ಗೋಡೆಯ ಮೇಲೆ ಇದ್ದರೆ ಅದಕ್ಕಿಂತ ಮೇಲಿಡುವುದು ಕ್ಷೇಮ. ಬಣ್ಣ ಹೊಡೆಸುವಾಗ ಆ ಗುರುತನ್ನು ಅಳಿಸದೆ, ವರ್ಷವನ್ನು ಬರೆದು ಉಳಿಸಿಕೊಳ್ಳುವುದು ಉತ್ತಮ.

ಇಳಿಜಾರು

ನೀರಿಗೆ ಬೇಕಾದುದು ಇಳಿಜಾರು. ಗೋಡೆಯ ಬುಡದಿಂದ ಮೊದಲ 3 ಮೀಟರ್ ದೂರದಲ್ಲಿ ಮಣ್ಣಿನ ನೆಲ ಸುಮಾರು 15 ಸೆಂ.ಮೀ. ಇಳಿದಿರಬೇಕು. ಕಾಂಕ್ರೀಟು ಅಥವಾ ಪೇವರ್ ಬ್ಲಾಕ್ ಹಾಕಿದ ನೆಲಕ್ಕೆ 50 ಅಡಿಗೆ 1 ಅಡಿಯ ಇಳಿಜಾರು ಸಾಕು. ತೆರೆದ ಚರಂಡಿಗೆ 200 ಅಡಿಗೆ 1 ಅಡಿ ಕನಿಷ್ಠ. 100ಕ್ಕೆ 1 ಸಿಕ್ಕಿದರೆ ಒಳ್ಳೆಯದು. ಬಳಿಕ ಹಾಕಿಸಿದ ಅಂಗಳದ ಹಾಸಿನಲ್ಲಿ ನೀರು ಮನೆಯ ಕಡೆಗೇ ಹರಿಯುವಂತಾಗಿರುವ ಉದಾಹರಣೆಗಳು ಧಾರಾಳವಾಗಿವೆ. ಹಾಸು ನೋಡಲು ಸಮವಾಗಿರಬೇಕೆಂಬ ಹಂಬಲವೇ ಇದಕ್ಕೆ ಕಾರಣ. ಅಂಗಳ ಸಮತಟ್ಟಾಗಿರುವುದು ಗುಣವಲ್ಲ, ದೋಷ.

ಇಳಿಜಾರನ್ನು ಕಣ್ಣಂದಾಜಿನಲ್ಲಿ ನಿರ್ಣಯಿಸಬಾರದು. ಮೇಸ್ತ್ರಿಗಳು ಬಳಸುವ ಪಾರದರ್ಶಕ ಲೆವೆಲ್ ಪೈಪಿನಲ್ಲಿ ಗುಳ್ಳೆಗಳಿಲ್ಲದಂತೆ ನೀರು ತುಂಬಿ, ಎರಡು ತುದಿಗಳನ್ನು ಎರಡು ಸ್ಥಳಗಳಲ್ಲಿ ಹಿಡಿದರೆ ಎರಡೂ ಕಡೆ ನೀರು ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಆ ಮಟ್ಟದಿಂದ ನೆಲಕ್ಕಿರುವ ಅಂತರವನ್ನು ಎರಡೂ ಕಡೆ ಅಳೆದರೆ ಎತ್ತರದ ವ್ಯತ್ಯಾಸ ತಿಳಿಯುತ್ತದೆ. ಕಟ್ಟಡದ ನಾಲ್ಕು ಮೂಲೆ, ಪ್ರತಿಯೊಂದು ಚೇಂಬರಿನ ತಳ, ಗೇಟಿನ ಹೊಸ್ತಿಲು, ರಸ್ತೆಯ ಚರಂಡಿಯ ತಳ ಇಷ್ಟನ್ನು ಒಂದು ಭಾನುವಾರ ಅಳೆದು ಕಾಗದದ ಮೇಲೆ ಗುರುತಿಸಿಕೊಂಡರೆ, ಸಾವಿರಾರು ರೂಪಾಯಿಗಳ ವ್ಯರ್ಥ ಕಾಮಗಾರಿ ತಪ್ಪೀತು.

ಜೋಗೇಶ್ವರಿ ಪಶ್ಚಿಮದ ತಗ್ಗು ನಿವೇಶನಗಳಲ್ಲಿ ಹೀಗೆ ಅಳೆದಾಗ ಕಹಿಯಾದ ಸತ್ಯ ಹೊರಬೀಳುವ ಸಂಭವವಿದೆ. ನಿವೇಶನದ ಹಿಂಭಾಗದಿಂದ ರಸ್ತೆಗೆ 30 ಮೀಟರ್ ದೂರವಿದ್ದರೆ, 200ಕ್ಕೆ 1ರಂತೆ ಚರಂಡಿಯ ತಳ 15 ಸೆಂ.ಮೀ. ಇಳಿಯಬೇಕು. ರಸ್ತೆಗೆ ವರ್ಷವರ್ಷವೂ ಡಾಂಬರಿನ ಹೊಸ ಪದರ ಬೀಳುತ್ತ, ಇಲ್ಲವೇ ಕಾಂಕ್ರೀಟು ಹಾಸಿ, ಮೂಲದಲ್ಲಿ ರಸ್ತೆಗಿಂತ ಮೇಲಿದ್ದ ಅಂಗಳ ಈಗ ಕೆಳಗಾಗಿರಬಹುದು. ಅಂತಹ ಕಡೆ ಅಂಗಳವನ್ನು ಎತ್ತರಿಸುವುದೊಂದೇ ಜನರಿಗೆ ಹೊಳೆಯುವ ಉಪಾಯ. ಅದರಿಂದ ನೀರು ಪಕ್ಕದವರ ಅಂಗಳಕ್ಕೆ ಹೋಗುತ್ತದೆ, ಅವರೂ ಎತ್ತರಿಸುತ್ತಾರೆ. ಕೊನೆಗೆ ಎತ್ತರಿಸಲು ಹಣವಿಲ್ಲದ ಚಾಳಿನ ಜನರ ಮನೆಯೊಳಗೆ ನೀರು ನಿಲ್ಲುತ್ತದೆ. ಬೀದಿಯ ಎಲ್ಲ ಸಂಘಗಳೂ ಕೂಡಿ ವಾರ್ಡ್ ಕಚೇರಿಯೊಡನೆ ರಸ್ತೆಯ ಮಟ್ಟದ ವಿಷಯವನ್ನು ಕಾಮಗಾರಿಗೆ ಮೊದಲೇ ಚರ್ಚಿಸುವುದು ಹೆಚ್ಚು ಪ್ರಯೋಜನಕಾರಿ. ಜೋಗೇಶ್ವರಿಯ ಪಶ್ಚಿಮ ಭಾಗ ‘ಕೆ-ಪಶ್ಚಿಮ’ ವಾರ್ಡಿನಲ್ಲಿ ಬರುತ್ತದೆ.

ಹೊರಚರಂಡಿಯ ನೀರು ಒಳಗೆ ನುಗ್ಗುವ ಕಡೆ ಒಮ್ಮುಖ ಕವಾಟವನ್ನು ಕೂಡಿಸಬಹುದು. ಒಳಗಿನ ನೀರು ತಳ್ಳಿದಾಗ ತೆರೆದುಕೊಂಡು, ಹೊರಗಿನ ನೀರು ಒತ್ತಿದಾಗ ಮುಚ್ಚಿಕೊಳ್ಳುವ ಮುಚ್ಚಳವಿದು. ಇದು ಮುಚ್ಚಿರುವಷ್ಟು ಹೊತ್ತು ಒಳಗಿನ ನೀರೂ ಹೊರಹೋಗಲಾರದು ಎಂಬುದನ್ನು ಮಾರಾಟಗಾರರು ಹೇಳುವುದಿಲ್ಲ. ಕವಾಟದ ಜೊತೆಗೆ ನೀರು ತಾತ್ಕಾಲಿಕವಾಗಿ ನಿಲ್ಲಬಲ್ಲ ತಗ್ಗು ಜಾಗವೊಂದು, ಕೈತೋಟವೋ ಮಕ್ಕಳ ಆಟದ ಮೂಲೆಯೋ, ಇದ್ದರೆ ಮಾತ್ರ ಅದು ಸಾರ್ಥಕ. ಮುಚ್ಚಳದ ಸಂದಿನಲ್ಲಿ ಒಂದು ಪ್ಲಾಸ್ಟಿಕ್ ಚೀಲ ಸಿಕ್ಕಿಕೊಂಡರೂ ಕವಾಟ ನಿರುಪಯೋಗಿ.

ಚರಂಡಿ ಎಷ್ಟು ದೊಡ್ಡದಿರಬೇಕು? 30 ಸೆಂ.ಮೀ. ಅಗಲ, 30 ಸೆಂ.ಮೀ. ಆಳದ ನುಣುಪಾದ ಕಾಂಕ್ರೀಟು ಚರಂಡಿ 200ಕ್ಕೆ 1ರ ಇಳಿಜಾರಿನಲ್ಲಿ ಸೆಕೆಂಡಿಗೆ ಸುಮಾರು 90 ಲೀಟರ್ ಸಾಗಿಸಬಲ್ಲದು. 1,000 ಚದರ ಮೀಟರ್ ನಿವೇಶನದ ಮೇಲೆ ಗಂಟೆಗೆ 100 ಮಿ.ಮೀ.ನಷ್ಟು ಘೋರ ಮಳೆ ಬಿದ್ದರೂ ಸೆಕೆಂಡಿಗೆ ಬರುವುದು 28 ಲೀಟರ್ ಮಾತ್ರ. ಆದುದರಿಂದ ಬಹುತೇಕ ಸೊಸೈಟಿಗಳಲ್ಲಿ ಚರಂಡಿಯ ಗಾತ್ರ ಕಡಿಮೆಯಾಗಿರುವುದಿಲ್ಲ. ಅರ್ಧದಷ್ಟು ಹೂಳು ತುಂಬಿದರೆ ಇದೇ ಚರಂಡಿಯ ಸಾಮರ್ಥ್ಯ ಅರ್ಧಕ್ಕಲ್ಲ, ಸೆಕೆಂಡಿಗೆ 40 ಲೀಟರಿಗಿಂತಲೂ ಕೆಳಕ್ಕೆ ಇಳಿಯುತ್ತದೆ. ಮೇಲಿಂದ ಕೇಬಲ್ಲು, ನೀರಿನ ಪೈಪು, ಗ್ಯಾಸ್ ಪೈಪುಗಳು ಅಡ್ಡ ಹಾಯ್ದು ಕಸ ತಡೆದರೆ ಮುಗಿದೇ ಹೋಯಿತು. ಹೊಸ ಚರಂಡಿ ತೋಡಿಸುವ ಮುನ್ನ ಹಳೆಯದನ್ನು ಬಿಡಿಸಿ ನೋಡುವುದು ಜಾಣತನ.

ಕರಾವಳಿ ಮತ್ತು ಮಲೆನಾಡಿನಿಂದ ಬಂದು ಮುಂಬಯಿಯಲ್ಲಿ ನೆಲೆಸಿರುವ ಕನ್ನಡಿಗರಿಗೆ ಇದು ಹೊಸ ವಿಷಯವಲ್ಲ. ಮುಂಗಾರು ಬರುವ ಮೊದಲು ತೋಡಿನ ಹೂಳೆತ್ತುವುದು, ಅಂಗಳದಂಚಿನ ಕಣಿ ಬಿಡಿಸುವುದು, ಅಡಕೆ ತೋಟದ ಬಸಿಗಾಲುವೆ ಸರಿಪಡಿಸುವುದು ಊರಿನ ಮನೆಗಳಲ್ಲಿ ವಾಡಿಕೆಯ ಕೆಲಸ. ಫ್ಲ್ಯಾಟಿಗೆ ಬಂದ ಮೇಲೆ ಅದೇ ಕೆಲಸ ‘ಸೊಸೈಟಿಯವರದು’ ಆಗಿ, ಯಾರದೂ ಅಲ್ಲದ್ದಾಗಿಬಿಡುತ್ತದೆ.

ಇಳುಕಲಿನ ಮೇಲಿನ ಗೋಡೆಗಳು

ಪೂರ್ವ ಭಾಗದ ಗುಡ್ಡದ ಮಗ್ಗುಲಲ್ಲಿ ಅಪಾಯದ ಸ್ವರೂಪವೇ ಬೇರೆ. ಅಲ್ಲಿ ನೀರು ನಿಲ್ಲುವುದಿಲ್ಲ, ನುಗ್ಗುತ್ತದೆ. ಮಣ್ಣನ್ನು ತಡೆದು ನಿಂತ ಗೋಡೆಯ ಹಿಂದೆ ನೀರು ತುಂಬಿದರೆ ಗೋಡೆಯ ಮೇಲೆ ಬೀಳುವ ಒತ್ತಡ ಎಷ್ಟೆಂಬುದನ್ನು ಸಾಮಾನ್ಯರು ಊಹಿಸಲಾರರು. 2 ಮೀಟರ್ ಎತ್ತರದ ಗೋಡೆಯ ಹಿಂದೆ ಅಂಚಿನವರೆಗೆ ನೀರು ನಿಂತರೆ, ನೀರೊಂದರಿಂದಲೇ ಪ್ರತಿ ಮೀಟರ್ ಉದ್ದದ ಮೇಲೆ ಸುಮಾರು 2 ಟನ್ ನೂಕುಬಲ ಬೀಳುತ್ತದೆ. ಎತ್ತರ ಇಮ್ಮಡಿಯಾದರೆ ಈ ಬಲ ನಾಲ್ಮಡಿಯಾಗುತ್ತದೆ. ಮಣ್ಣಿನ ಭಾರ ಇದರ ಮೇಲೆ.

2019ರ ಜುಲೈ 1 ಮತ್ತು 2ರ ನಡುವಿನ ರಾತ್ರಿ ಮಲಾಡ್ ಪೂರ್ವದ ಕುರಾರ್ ಪ್ರದೇಶದಲ್ಲಿ, ಅತಿವೃಷ್ಟಿಯ ಸಮಯದಲ್ಲಿ, ಆವರಣ ಗೋಡೆಯೊಂದು ಕುಸಿದು ಅದರ ಕೆಳಗಿನ ಗುಡಿಸಲುಗಳಲ್ಲಿ ಮಲಗಿದ್ದ ಇಪ್ಪತ್ತಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. ಕುರಾರ್ ಜೋಗೇಶ್ವರಿಯಿಂದ ದೂರವೇನೂ ಇಲ್ಲ. ಒಂದು ನಿವೇಶನದ ಗೋಡೆ ಮತ್ತೊಬ್ಬರ ಸೂರಿನ ನೆತ್ತಿಯ ಮೇಲೆ ನಿಂತಿರುತ್ತದೆ ಎಂಬುದನ್ನು ಈ ಪ್ರದೇಶದ ಸಂಘಗಳು ಮರೆಯುವಂತಿಲ್ಲ.

ಇಂತಹ ಗೋಡೆಗಳಲ್ಲಿ ನೀರು ಬಸಿಯುವ ರಂಧ್ರಗಳು ಅಗತ್ಯ. ಸುಮಾರು ಒಂದೂವರೆ ಮೀಟರಿಗೆ ಒಂದರಂತೆ, ಸಾಲು ಸಾಲಾಗಿ, ಹೊರಮುಖವಾಗಿ ತುಸು ಬಾಗಿದ ಪೈಪುಗಳನ್ನು ಗೋಡೆ ಕಟ್ಟುವಾಗಲೇ ಇಡುತ್ತಾರೆ. ಹಿಂಬದಿಯಲ್ಲಿ ಮಣ್ಣು ನೇರವಾಗಿ ತಾಗದಂತೆ ಜಲ್ಲಿಯ ಪದರ ಇರಬೇಕು. ಇಲ್ಲವಾದರೆ ಮಣ್ಣು ಬಂದು ರಂಧ್ರ ಕಟ್ಟಿಕೊಳ್ಳುತ್ತದೆ. ಗೋಡೆಯಿಂದ ನೀರು ಸೋರುತ್ತಿದೆಯೆಂದು ದೂರು ಬಂದಾಗ ಈ ರಂಧ್ರಗಳಿಗೆ ಸಿಮೆಂಟು ಮೆತ್ತುವವರಿದ್ದಾರೆ. ಇದು ಅತ್ಯಂತ ಅಪಾಯಕಾರಿ. ಮಳೆಗಾಲದಲ್ಲಿ ಈ ರಂಧ್ರಗಳಿಂದ ತಿಳಿನೀರು ಬರುತ್ತಿದ್ದರೆ ಗೋಡೆ ತನ್ನ ಕೆಲಸ ಮಾಡುತ್ತಿದೆ ಎಂದು ತಿಳಿಯಬೇಕು. ಮಳೆ ಸುರಿಯುತ್ತಿದ್ದರೂ ಹನಿ ಬಾರದಿದ್ದರೆ, ಅಥವಾ ಬರುವ ನೀರು ಕೆಸರಾಗಿದ್ದರೆ ಎಚ್ಚರಗೊಳ್ಳಬೇಕು. ಗೋಡೆ ಹೊಟ್ಟೆ ಉಬ್ಬಿದಂತೆ ಕಂಡರೆ, ಅಡ್ಡಲಾಗಿ ಬಿರುಕು ಬಿಟ್ಟರೆ, ಮೇಲಿನ ನೆಲ ಗೋಡೆಯಿಂದ ಬಿಟ್ಟುಕೊಂಡರೆ ಕೆಳಗಿನ ಮನೆಗಳವರನ್ನು ಆ ಕ್ಷಣವೇ ತೆರವುಗೊಳಿಸಿ, ಮಹಾನಗರಪಾಲಿಕೆಯ ವಿಪತ್ತು ನಿರ್ವಹಣಾ ಸಂಖ್ಯೆ 1916ಕ್ಕೆ ತಿಳಿಸಬೇಕು. ಇಂಜಿನಿಯರನ್ನು ಕರೆಸುವುದು ಅನಂತರದ ಕೆಲಸ.

ಗೋಡೆಯ ಮೇಲ್ತುದಿಯ ಉದ್ದಕ್ಕೂ ಅಡ್ಡ ಚರಂಡಿ ತೆಗೆದು, ಗುಡ್ಡದಿಂದ ಬರುವ ನೀರನ್ನು ಗೋಡೆಯ ಬೆನ್ನು ಮುಟ್ಟುವ ಮೊದಲೇ ಪಕ್ಕಕ್ಕೆ ತಿರುಗಿಸುವುದು ಎಲ್ಲಕ್ಕಿಂತ ಮುಖ್ಯ.

ತಾರಸಿ ಮತ್ತು ಇಳಿಪೈಪು

ತಾರಸಿಯ ನೀರನ್ನು ಕೆಳಗೆ ತರುವ 100 ಮಿ.ಮೀ. ವ್ಯಾಸದ ಪೈಪು ಗಂಟೆಗೆ 50 ಮಿ.ಮೀ. ಮಳೆಯಲ್ಲಿ ಸುಮಾರು 85 ಚದರ ಮೀಟರ್ ತಾರಸಿಗೆ ಸಾಕು. ಮಳೆ ಗಂಟೆಗೆ 100 ಮಿ.ಮೀ. ಆದರೆ ಅದರ ಅರ್ಧದಷ್ಟು ತಾರಸಿಗೆ ಮಾತ್ರ ಸಾಲುತ್ತದೆ. ಬಾಯಿಗೆ ಗುಮ್ಮಟದಾಕಾರದ ಜಾಳಿ ಇರಬೇಕು. ಚಪ್ಪಟೆ ಜಾಳಿಯನ್ನು ಒಂದೇ ಒಂದು ಬಾದಾಮಿ ಎಲೆ ಮುಚ್ಚಿಬಿಡಬಲ್ಲದು. ಪೈಪಿನ ಕೆಳತುದಿ ಗೋಡೆಯ ಬುಡದಲ್ಲಿಯೇ ನೀರನ್ನು ಚೆಲ್ಲದೆ ಚೇಂಬರಿಗೆ ಸೇರಬೇಕು.

ಸೇರಬೇಕಾದುದು ಮಳೆನೀರಿನ ಚೇಂಬರಿಗೆ, ಶೌಚದ ಚೇಂಬರಿಗಲ್ಲ. ಮುಂಬಯಿಯಲ್ಲಿ ಮಳೆನೀರಿನ ಚರಂಡಿ ಮತ್ತು ಒಳಚರಂಡಿ ಎರಡೂ ಪ್ರತ್ಯೇಕ ವ್ಯವಸ್ಥೆಗಳು. ಹತ್ತಿರವಿರುವ ಚೇಂಬರಿಗೆ ತಾರಸಿಯ ಪೈಪನ್ನು ಜೋಡಿಸುವ ಪ್ಲಂಬರು ಕೆಲವು ಅಡಿ ಪೈಪನ್ನು ಉಳಿಸುತ್ತಾನೆ. ಅದರ ಬೆಲೆಯನ್ನು ತೆರುವವರು ನೆಲಅಂತಸ್ತಿನವರು. ಒಳಚರಂಡಿ ತುಂಬಿ, ಶೌಚಾಲಯದ ಮೂಲಕ ಕೊಳಕು ನೀರು ಅವರ ಮನೆಯೊಳಗೆ ಉಕ್ಕುತ್ತದೆ. ತಮ್ಮ ಕಟ್ಟಡದಲ್ಲಿ ಯಾವ ಪೈಪು ಎಲ್ಲಿಗೆ ಹೋಗುತ್ತದೆ ಎಂಬ ಅನುಮಾನವಿದ್ದರೆ, ಬೇಸಿಗೆಯಲ್ಲಿ ತಾರಸಿಯ ಬಾಯಿಗೆ ಎರಡು ಬಕೆಟ್ ಬಣ್ಣದ ನೀರು ಸುರಿದು ಕೆಳಗಿನ ಚೇಂಬರುಗಳನ್ನು ತೆರೆದು ನೋಡಿದರೆ ತಿಳಿಯುತ್ತದೆ.

ಇಂಗಿಸುವುದೋ, ಕೂಡಿಡುವುದೋ

ಮುಂಬಯಿಯಲ್ಲಿ 2002ರಿಂದ 1,000 ಚದರ ಮೀಟರಿಗಿಂತ ದೊಡ್ಡ ನಿವೇಶನಗಳ ಹೊಸ ಕಟ್ಟಡಗಳಿಗೆ ಮಳೆನೀರಿನ ಸಂಗ್ರಹಣೆ ಕಡ್ಡಾಯವಾಯಿತು. 2007ರಲ್ಲಿ ಈ ಮಿತಿಯನ್ನು 300 ಚದರ ಮೀಟರಿಗೆ ಇಳಿಸಲಾಯಿತು. ಆಮೇಲೆ ಅಭಿವೃದ್ಧಿ ನಿಯಮಾವಳಿ ಪರಿಷ್ಕೃತವಾಗಿರುವುದರಿಂದ, ತಮ್ಮ ಕಟ್ಟಡಕ್ಕೆ ಅನ್ವಯಿಸುವ ನಿಯಮವನ್ನು ವಾರ್ಡ್ ಕಚೇರಿಯಲ್ಲಿ ವಿಚಾರಿಸಿ ತಿಳಿಯಬೇಕು. ಬೆಂಗಳೂರಿನಂತಹ ಒಳನಾಡಿನ ನಗರಗಳಲ್ಲಿ ಇಂಗುಗುಂಡಿಗೆ ಹೆಚ್ಚಿನ ಮಹತ್ವ ಕೊಡುವುದು ಸರಿ. ಜೋಗೇಶ್ವರಿಯಲ್ಲಿ ಸ್ವಲ್ಪ ವಿವೇಚನೆ ಬೇಕು. ಖಾಡಿಗೆ ಸಮೀಪದ ತಗ್ಗು ನೆಲದಲ್ಲಿ ಜುಲೈ ಹೊತ್ತಿಗೆ ಅಂತರ್ಜಲ ನೆಲಮಟ್ಟಕ್ಕೆ ಹತ್ತಿರ ಬಂದಿರುತ್ತದೆ. ಆಗ ಗುಂಡಿಯಲ್ಲಿ ನೀರು ಇಂಗದೆ ಅಲ್ಲಿಯೇ ನಿಂತು ಸೊಳ್ಳೆಗೆ ಆಶ್ರಯವಾಗುತ್ತದೆ. ಗುಡ್ಡದ ಇಳುಕಲಿನಲ್ಲಿ ಗೋಡೆಯ ಮೇಲ್ಬದಿಗೆ ಇಂಗುಗುಂಡಿ ತೋಡಿದರೆ, ಯಾವ ನೀರನ್ನು ಗೋಡೆಯಿಂದ ದೂರವಿಡಬೇಕೋ ಅದನ್ನೇ ಗೋಡೆಯ ಬೆನ್ನಿಗೆ ಕಳುಹಿಸಿದಂತಾಗುತ್ತದೆ. ಇವೆರಡರ ನಡುವಿನ ನೆಲದಲ್ಲಿ, ಅಡಿಪಾಯದಿಂದ ಕನಿಷ್ಠ 3 ಮೀಟರ್ ದೂರದಲ್ಲಿ, ಗುಂಡಿ ಪ್ರಯೋಜನಕ್ಕೆ ಬಂದೀತು. ಉಳಿದೆಡೆ ತಾರಸಿಯ ನೀರನ್ನು ಸೋಸಿ ತೊಟ್ಟಿಯಲ್ಲಿ ಕೂಡಿಟ್ಟು ಶೌಚಕ್ಕೆ, ನೆಲ ತೊಳೆಯಲು, ಗಿಡಗಳಿಗೆ ಬಳಸುವುದೇ ಲೇಸು.

ಕೂಡಿಡುವ ವಿದ್ಯೆ ಈ ಸೀಮೆಗೆ ಅಪರಿಚಿತವಲ್ಲ. ಉತ್ತರಕ್ಕಿರುವ ಕಾನ್ಹೇರಿಯ ಬೌದ್ಧ ಗುಹೆಗಳಲ್ಲಿ ಬಂಡೆಯ ಮೇಲ್ಮೈಯಲ್ಲಿ ಕೊರೆದ ಸಣ್ಣ ಕಾಲುವೆಗಳು ಮಳೆನೀರನ್ನು ಗುಹೆಗಳ ಪಕ್ಕದ ತೊಟ್ಟಿಗಳಿಗೆ ತಂದು ಸೇರಿಸುತ್ತಿದ್ದುದನ್ನು ಇಂದಿಗೂ ಕಾಣಬಹುದು.

ನೆರೆಹೊರೆ ಮತ್ತು ಕಾನೂನು

ಮಳೆನೀರಿನ ಕಾರಣದಿಂದ ಅಕ್ಕಪಕ್ಕದವರ ನಡುವೆ ಏಳುವ ವ್ಯಾಜ್ಯಗಳಿಗೆ ಲೆಕ್ಕವಿಲ್ಲ. 1882ರ ಭಾರತೀಯ ಅನುಭೋಗ ಹಕ್ಕುಗಳ ಅಧಿನಿಯಮದ 7ನೆಯ ಪ್ರಕರಣದ ದೃಷ್ಟಾಂತವೊಂದರ ಪ್ರಕಾರ, ಮೇಲಿನ ಜಮೀನಿನಲ್ಲಿ ಸಹಜವಾಗಿ ಬಿದ್ದ ಅಥವಾ ಒಸರಿದ ನೀರು, ನಿರ್ದಿಷ್ಟ ಕಾಲುವೆಯಲ್ಲಿ ಹರಿಯದೆ ಇರುವಾಗ, ಕೆಳಗಿನ ಜಮೀನಿಗೆ ಸಹಜವಾಗಿ ಹರಿದುಹೋಗಲು ಕೆಳಗಿನವನು ಅವಕಾಶ ಕೊಡಬೇಕು. ‘ಸಹಜವಾಗಿ’ ಎಂಬ ಪದದ ಮೇಲೆ ಎಲ್ಲವೂ ನಿಂತಿದೆ. ಇಳುಕಲಿನಲ್ಲಿ ಹರಡಿಕೊಂಡು ಬರುವ ನೀರಿಗೆ ಅಡ್ಡ ಗೋಡೆ ಕಟ್ಟಿ ತಡೆಯುವುದು ಕೆಳಗಿನವನಿಗೆ ಸಲ್ಲದು. ತಾರಸಿಯ ನೀರನ್ನೆಲ್ಲ ಪೈಪಿನಲ್ಲಿ ಕೂಡಿಸಿ ಕೆಳಗಿನವನ ಅಂಗಳಕ್ಕೆ ಗುರಿಯಿಟ್ಟು ಬಿಡುವುದು ಮೇಲಿನವನ ಸಹಜ ಹಕ್ಕಿನಲ್ಲಿ ಸೇರುವುದಿಲ್ಲ.

ಸಹಕಾರಿ ಸಂಘದ ಒಳಗೆ ಹೊಣೆ ಯಾರದೆಂಬ ವಿವಾದಕ್ಕೆ ಮಹಾರಾಷ್ಟ್ರದ ಮಾದರಿ ಉಪವಿಧಿಗಳಲ್ಲಿ ಉತ್ತರವಿದೆ. ಆವರಣ ಗೋಡೆ, ಚರಂಡಿಯ ಸಾಲು, ನೀರಿನ ತೊಟ್ಟಿ, ತಾರಸಿ, ಮಳೆನೀರಿನ ಸೋರಿಕೆ ಇವುಗಳ ದುರಸ್ತಿ ಸಂಘದ ಖರ್ಚಿನಲ್ಲಿಯೇ ಆಗತಕ್ಕದ್ದು. ನೆಲಅಂತಸ್ತಿನವರ ಕಷ್ಟಕ್ಕೆ ಏಳನೆಯ ಅಂತಸ್ತಿನವರು ಏಕೆ ಹಣ ಕೊಡಬೇಕೆಂಬ ವಾದಕ್ಕೆ ಅಲ್ಲಿ ಎಡೆಯಿಲ್ಲ.

ಹೂಳೆತ್ತುವಾಗ

ಅಂಗಳದ ತೆರೆದ ಚರಂಡಿಯನ್ನು ಮೇ ತಿಂಗಳ ಮೊದಲಾರ್ಧದಲ್ಲಿ ಬಿಡಿಸಬೇಕು. ಮುಂಗಾರು ಸಾಮಾನ್ಯವಾಗಿ ಜೂನ್ ಎರಡನೆಯ ವಾರದಲ್ಲಿ ಮುಂಬಯಿಗೆ ಬರುತ್ತದೆ. ತೆಗೆದ ಹೂಳನ್ನು ಚರಂಡಿಯ ಅಂಚಿನಲ್ಲಿಯೇ ಗುಡ್ಡೆ ಹಾಕಿದರೆ ಮೊದಲ ಮಳೆಗೆ ಅದು ಹಿಂದಿರುಗುತ್ತದೆ. ತೆಗೆದ ಮಾಲಿನಲ್ಲಿ ತೆಳುವಾದ ಪ್ಲಾಸ್ಟಿಕ್ ಎಷ್ಟಿರುತ್ತದೆ ಎಂಬುದನ್ನು ಒಮ್ಮೆ ನಿಂತು ನೋಡಬೇಕು. ಬಾಂಗ್ಲಾದೇಶವು 2002ರಲ್ಲಿಯೇ ತೆಳು ಪಾಲಿಥೀನ್ ಚೀಲಗಳನ್ನು ನಿಷೇಧಿಸಿದ್ದರ ಹಿಂದೆ ಚರಂಡಿಗಳು ಕಟ್ಟಿಕೊಂಡು ನೆರೆ ಉಲ್ಬಣಿಸಿದ ಅನುಭವವಿತ್ತು. ಮಹಾರಾಷ್ಟ್ರದಲ್ಲಿ 2005ರ ನೆರೆಯ ಅನಂತರ 50 ಮೈಕ್ರಾನಿಗಿಂತ ತೆಳುವಾದ ಚೀಲಗಳ ಮೇಲೆ, 2018ರ ಜೂನ್‌ನಿಂದ ಇನ್ನೂ ವ್ಯಾಪಕವಾಗಿ ನಿಷೇಧ ಜಾರಿಗೆ ಬಂತು.

ಮುಚ್ಚಿದ ಚೇಂಬರು, ಒಳಚರಂಡಿ ಅಥವಾ ಶೌಚಗುಂಡಿಯೊಳಗೆ ಮನುಷ್ಯನನ್ನು ಇಳಿಸಕೂಡದು. ಅಲ್ಲಿ ಶೇಖರವಾಗುವ ವಿಷವಾಯು ಕ್ಷಣಮಾತ್ರದಲ್ಲಿ ಪ್ರಜ್ಞೆ ತಪ್ಪಿಸುತ್ತದೆ. ರಕ್ಷಿಸಲು ಇಳಿದವನೂ ಮಡಿಯುತ್ತಾನೆ. 2013ರ ಕಾಯಿದೆಯು ರಕ್ಷಣಾ ಸಾಧನಗಳಿಲ್ಲದೆ ಒಳಚರಂಡಿ ಮತ್ತು ಶೌಚಗುಂಡಿಗಳ ಅಪಾಯಕರ ಶುಚೀಕರಣಕ್ಕೆ ಯಾರನ್ನೇ ಆಗಲಿ ನೇಮಿಸುವುದನ್ನು ನಿಷೇಧಿಸಿದೆ. ಮೊದಲ ಅಪರಾಧಕ್ಕೇ ಎರಡು ವರ್ಷಗಳವರೆಗೆ ಸೆರೆವಾಸ, ಅಥವಾ 2 ಲಕ್ಷ ರೂಪಾಯಿಗಳವರೆಗೆ ದಂಡ, ಇಲ್ಲವೇ ಎರಡೂ ವಿಧಿಸಬಹುದು. ‘ಗುತ್ತಿಗೆದಾರನಿಗೆ ಕೊಟ್ಟಿದ್ದೆವು’ ಎಂದು ಸಂಘದ ಪದಾಧಿಕಾರಿಗಳು ಕೈತೊಳೆದುಕೊಳ್ಳುವಂತಿಲ್ಲ. ಇಂತಹ ಸಾವುಗಳಿಗೆ ಪರಿಹಾರವನ್ನು 2014ರಲ್ಲಿ 10 ಲಕ್ಷ ರೂಪಾಯಿಗಳೆಂದು ನಿಗದಿಪಡಿಸಿದ್ದ ಸರ್ವೋಚ್ಚ ನ್ಯಾಯಾಲಯ, 2023ರ ಅಕ್ಟೋಬರ್‌ನಲ್ಲಿ ಅದನ್ನು 30 ಲಕ್ಷಕ್ಕೆ ಏರಿಸಿತು. ಯಂತ್ರದ ಗಾಡಿಯನ್ನು ತರಿಸಲು ತಗಲುವ ವೆಚ್ಚ ಇದರ ಮುಂದೆ ಗಣನೆಗೇ ಬಾರದು. ಜೀವದ ಬೆಲೆಯ ಮಾತಂತೂ ಬೇರೆಯೇ.

ನೀರು ನಿಂತಾಗ

ನಿಂತ ನೀರು ಬೇಗ ಇಳಿಯಲೆಂದು ರಸ್ತೆಯ ಮ್ಯಾನ್‌ಹೋಲಿನ ಮುಚ್ಚಳ ತೆಗೆಯುವುದು ಮುಂಬಯಿಯಲ್ಲಿ ಹಳೆಯ ಅಭ್ಯಾಸ. 29 ಆಗಸ್ಟ್ 2017ರ ಮಳೆಯಲ್ಲಿ ನಗರದ ಹಿರಿಯ ವೈದ್ಯರೊಬ್ಬರು ಮನೆಗೆ ನಡೆದು ಹೋಗುತ್ತಿದ್ದಾಗ ಹೀಗೆ ತೆರೆದಿದ್ದ ಮ್ಯಾನ್‌ಹೋಲಿನಲ್ಲಿ ಬಿದ್ದು ಕೊಚ್ಚಿಹೋದರು. ಯಾವ ಕಾರಣಕ್ಕೂ ಮುಚ್ಚಳವನ್ನು ತೆಗೆಯಬಾರದು.

ನೀರು ಮೀಟರ್ ಪೆಟ್ಟಿಗೆಯತ್ತ ಏರುವ ಮೊದಲೇ ಮುಖ್ಯ ಸ್ವಿಚ್ಚನ್ನು ಆರಿಸಬೇಕು. ಏರಿದ ಮೇಲೆ ಅದನ್ನು ಮುಟ್ಟಬಾರದು. ಪಂಪಿನ ಜೋಡಣೆಗೆ ಸೋರಿಕೆ ವಿದ್ಯುತ್ತನ್ನು ಕಡಿಯುವ ಸ್ವಿಚ್ಚು ಇರಲೇಬೇಕು. ನೆರೆಯ ನೀರಿನಲ್ಲಿ ಇಲಿಗಳ ಮೂತ್ರ ಬೆರೆತಿರುವುದರಿಂದ ಕಾಲಿನ ಗಾಯಗಳ ಮೂಲಕ ಲೆಪ್ಟೊಸ್ಪೈರೋಸಿಸ್ ಎಂಬ ಇಲಿಜ್ವರ ತಗಲುತ್ತದೆ. 2005ರ ನೆರೆಯ ಅನಂತರ ನಗರದಲ್ಲಿ ಈ ರೋಗ ಹರಡಿತ್ತು. ನೀರಿನಲ್ಲಿ ನಡೆದವರು ಸೋಪಿನಿಂದ ಕಾಲು ತೊಳೆದು, ಮೂರು ದಿನಗಳೊಳಗೆ ವೈದ್ಯರನ್ನು ಕಂಡು ತಡೆ ಔಷಧಿಯ ಬಗ್ಗೆ ಸಲಹೆ ಪಡೆಯುವುದು ಒಳಿತು. ಜ್ವರ, ಮೈಕೈ ನೋವು, ಕಣ್ಣು ಕೆಂಪಾಗುವುದು ಕಂಡುಬಂದರೆ ತಡ ಮಾಡಬಾರದು.

ನೆಲದಡಿಯ ತೊಟ್ಟಿಗೆ ಹೊರನೀರು ಸೇರಿದ್ದರೆ ಅದರಲ್ಲಿ ಒಂದು ಹನಿಯನ್ನೂ ಮೇಲಿನ ತೊಟ್ಟಿಗೆ ಏರಿಸಬಾರದು. ಪೂರ್ತಿ ಖಾಲಿ ಮಾಡಿ, ಕೆಸರು ತೆಗೆದು, ಗೋಡೆಗಳನ್ನು ಉಜ್ಜಿ ತೊಳೆಯಬೇಕು. ಬಳಿಕ ಶುದ್ಧ ನೀರು ತುಂಬಿ, ಪ್ರತಿ 1,000 ಲೀಟರಿಗೆ 200 ಗ್ರಾಂನಂತೆ ತಾಜಾ ಬ್ಲೀಚಿಂಗ್ ಪುಡಿಯನ್ನು ಬಕೆಟ್ಟಿನಲ್ಲಿ ಕದಡಿ, ಸುಣ್ಣದ ಗಸಿ ಕೆಳಗಿಳಿದ ಮೇಲಿನ ತಿಳಿಯನ್ನು ತೊಟ್ಟಿಗೆ ಸುರಿದು ಒಂದು ದಿನ ಬಿಡಬೇಕು. ಈ ನೀರು ಕುಡಿಯಲು ಯೋಗ್ಯವಲ್ಲ. ಅದನ್ನು ಹೊರಚೆಲ್ಲಿ ಮತ್ತೆ ತುಂಬಿದ ನೀರನ್ನೂ ಕೆಲವು ದಿನ ಕುದಿಸಿಯೇ ಕುಡಿಯಬೇಕು. ತೊಟ್ಟಿಯ ಬಾಯಿಗೆ ಅಂಗಳದಿಂದ ಅರ್ಧ ಮೀಟರಿಗೆ ಕಡಿಮೆಯಿಲ್ಲದ ಕಟ್ಟೆ ಕಟ್ಟಿ, ನೀರು ತೂರದ ಮುಚ್ಚಳ ಹಾಕಿಸಿದರೆ ಮುಂದಿನ ವರ್ಷ ಈ ಶ್ರಮವಿರದು. ಕಟ್ಟೆಯ ಎತ್ತರವನ್ನು ನಿರ್ಧರಿಸುವಾಗ ಗೋಡೆಯ ಮೇಲಿನ ನೆರೆಯ ಗುರುತನ್ನು ಮತ್ತೊಮ್ಮೆ ನೋಡಿಕೊಳ್ಳಬೇಕು.